ಓದುಗರ ಪ್ರಶ್ನೆ, ವಿಜ್ಞಾನದ ಉತ್ತರ: ಗೋಲಗುಮ್ಮಟದ ಪಿಸುಮಾತು ಮತ್ತು ನೊಬೆಲ್ ಪಡೆದವರ ಕಥೆ

ಫೆಬ್ರವರಿ 28ರ ರಾಷ್ಟ್ರೀಯ ವಿಜ್ಞಾನ ದಿನ ಹತ್ತಿರ ಬಂದರೆ ಈ ಅಂಕಣಕ್ಕೆ ಬರುವ ಪತ್ರಗಳೂ ಹೆಚ್ಚುತ್ತವೆ. ಈ ಸಲ ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಭೌತವಿಜ್ಞಾನಿಗಳನ್ನೂ ಅವರು ಪಡೆದ ಪ್ರಶಸ್ತಿಗಳನ್ನೂ ಕುರಿತವುಗಳನ್ನು ಆಯ್ದು ಉತ್ತರಿಸಿದ್ದೇವೆ. ಅಂಕಣದ ರೂಢಿಯಂತೆ ಪತ್ರ ಬರೆದವರ ಹೆಸರು ಬಿಟ್ಟು ಊರನ್ನು ಮಾತ್ರ ಕೊಟ್ಟಿದೆ.

ಪ್ರಶ್ನೆ: ಪ್ರತಿ ವರ್ಷ ಮಕ್ಕಳನ್ನು ಗೋಲಗುಮ್ಮಟಕ್ಕೆ ಕರೆದುಕೊಂಡು ಹೋಗುತ್ತೇನೆ. ಮೇಲಿನ ಮೊಗಸಾಲೆಯಲ್ಲಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರಿಗೆ ಗೋಡೆಗೆ ಕಿವಿ ಕೊಟ್ಟವರಿಗೆ ಕೇಳಿಸುತ್ತದೆ. “ಗುಮ್ಮಟ ದುಂಡಗಿದೆ, ಅದಕ್ಕೇ ಹೀಗೆ” ಎಂದು ಹೇಳಿ ಮುಗಿಸುತ್ತೇನೆ. ಆ ಉತ್ತರ ನನಗೇ ಸಾಲುವುದಿಲ್ಲ. ಇದನ್ನು ದೊಡ್ಡ ವಿಜ್ಞಾನಿಗಳು ಯಾರಾದರೂ ಅಭ್ಯಾಸ ಮಾಡಿದ್ದಾರೆಯೆ?
– ಪ್ರಾಥಮಿಕ ಶಾಲೆಯ ಶಿಕ್ಷಕಿ, ವಿಜಯಪುರ

ಉತ್ತರ: ಮಾಡಿದ್ದಾರೆ, ಮತ್ತು ಅವರಲ್ಲಿ ಇಬ್ಬರು ನೊಬೆಲ್ ಪಡೆದವರು. ಅಲ್ಲಿಗೆ ಹೋಗುವ ಮೊದಲು ಒಂದು ವಿಷಯ ಬಿಡಿಸಿಕೊಳ್ಳಬೇಕು. ಗೋಲಗುಮ್ಮಟದಲ್ಲಿ ಎರಡು ಬೇರೆ ಬೇರೆ ಸಂಗತಿಗಳು ನಡೆಯುತ್ತವೆ; ಪ್ರವಾಸಿಗರ ಗದ್ದಲದಲ್ಲಿ ಅವೆರಡೂ ಕಲಸಿಹೋಗುತ್ತವೆ. ಒಂದು ಚಪ್ಪಾಳೆ ತಟ್ಟಿದರೆ ಅದು ಹಲವು ಸಲ ಮರುಕಳಿಸುವುದು. ಇದು ಮಾರ್ದನಿ. ಮೊಗಸಾಲೆಯ ಮಟ್ಟದಲ್ಲಿ ಒಳವ್ಯಾಸ ಸುಮಾರು 38 ಮೀಟರ್; ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಆದ್ದರಿಂದ ಎದುರು ಗೋಡೆಗೆ ಹೋಗಿ ತಿರುಗಿ ಬರಲು ಅದಕ್ಕೆ ಒಂದು ಸೆಕೆಂಡಿನ ಐದನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಕಾಲ, ಅಂದರೆ ಸುಮಾರು 0.22 ಸೆಕೆಂಡ್ ಬೇಕು. ನಮ್ಮ ಕಿವಿ ಎರಡು ಸದ್ದುಗಳನ್ನು ಬಿಡಿಬಿಡಿಯಾಗಿ ಗುರುತಿಸಲು ಅಷ್ಟು ಬಿಡುವು ಸಾಕು.

ಪಿಸುಮಾತಿನ ಸಂಗತಿ ಬೇರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ ಖಗೋಳಜ್ಞ ಜಾರ್ಜ್ ಏರಿಯವರು, ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಇಂಥದೇ ಮೊಗಸಾಲೆಯನ್ನು ಕುರಿತು, ಗುಮ್ಮಟದ ಮೈಗೆ ಬಡಿದ ಶಬ್ದವು ಸರಿಯಾಗಿ ಎದುರಿನ ಬಿಂದುವಿನಲ್ಲಿ ಬಂದು ಕೂಡುತ್ತದೆ ಎಂದು ವಿವರಿಸಿದ್ದರು. ಅದೇ ದೇಶದ ಭೌತವಿಜ್ಞಾನಿ ಲಾರ್ಡ್ ರ‍್ಯಾಲೆಯವರಿಗೆ ಇದು ಒಪ್ಪಿಗೆಯಾಗಲಿಲ್ಲ. ಏಕೆಂದರೆ ಪಿಸುಮಾತು ಎದುರಿನ ಬಿಂದುವಿನಲ್ಲಿ ಮಾತ್ರವಲ್ಲ, ಗೋಡೆಯ ಉದ್ದಕ್ಕೂ ಎಲ್ಲಿ ಕಿವಿ ಇಟ್ಟರೂ ಕೇಳುತ್ತದೆ. ಶಬ್ದವು ಬಾಗಿದ ಗೋಡೆಗೆ ಅಂಟಿಕೊಂಡಂತೆ, ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಪುಟಿಯುತ್ತ, ತೆಳುವಾದ ಪಟ್ಟಿಯಾಗಿ ಸುತ್ತುತ್ತದೆ ಎಂಬುದು ಅವರ ವಾದ. ಬಯಲಿನಲ್ಲಿ ಎಲ್ಲ ದಿಕ್ಕಿಗೂ ಹರಡಿ ಬಹುಬೇಗ ಸಾಯುವ ದನಿ, ಗೋಡೆಯ ಆಸರೆ ಸಿಕ್ಕಾಗ ಅಷ್ಟು ಬೇಗ ಸಾಯುವುದಿಲ್ಲ. ಸಾಮಾನ್ಯ ಮಾತಿಗಿಂತ ಪಿಸುಮಾತೇ ಚೆನ್ನಾಗಿ ಸಾಗುವುದಕ್ಕೂ ಕಾರಣವಿದೆ: ಪಿಸುಗುಟ್ಟುವಾಗ ‘ಸ’, ‘ಶ’ದಂಥ ಕಿರುತರಂಗದ ಸದ್ದುಗಳೇ ಹೆಚ್ಚಾಗಿರುತ್ತವೆ, ಅವು ಗೋಡೆಯನ್ನು ಇನ್ನಷ್ಟು ಒತ್ತಿ ಹಿಡಿಯುತ್ತವೆ.

ರ‍್ಯಾಲೆಯವರು ಇದನ್ನು ಬಾಯಿಮಾತಿನಲ್ಲಿ ಬಿಡದೆ ಮೇಜಿನ ಮೇಲೆಯೇ ತೋರಿಸಿದರು. ಸತುವಿನ ಉದ್ದನೆಯ ತಗಡನ್ನು ಕಮಾನಿನಂತೆ ಬಾಗಿಸಿ ನಿಲ್ಲಿಸಿ, ಒಂದು ತುದಿಯಲ್ಲಿ ಹಕ್ಕಿಯ ಕೂಗಿನಂಥ ತೀಕ್ಷ್ಣವಾದ ಸಿಳ್ಳೆಯನ್ನೂ ಇನ್ನೊಂದು ತುದಿಯಲ್ಲಿ ಸದ್ದಿಗೆ ನಡುಗುವ ಸೂಕ್ಷ್ಮವಾದ ಅನಿಲದ ಜ್ವಾಲೆಯನ್ನೂ ಇಟ್ಟರು. ಸಿಳ್ಳೆ ಊದಿದರೆ ಜ್ವಾಲೆ ಕುಣಿಯಿತು. ತಗಡಿನ ಒಳಮೈಗೆ ತಾಗುವಂತೆ ಎರಡು ಬೆರಳಗಲದ ಪಟ್ಟಿಯೊಂದನ್ನು ಅಡ್ಡ ಹಿಡಿದೊಡನೆ ಜ್ವಾಲೆ ಸ್ತಬ್ಧವಾಯಿತು. ಶಬ್ದ ನಡುವಿನ ಬಯಲಿನಿಂದ ಬರುತ್ತಿದ್ದರೆ ಅಷ್ಟು ಸಣ್ಣ ಪಟ್ಟಿ ಅದನ್ನು ತಡೆಯುತ್ತಿರಲಿಲ್ಲ.

ನಿಮ್ಮ ಮಕ್ಕಳಿಂದಲೂ ಇದನ್ನು ಮಾಡಿಸಬಹುದು. ಬೆಳಿಗ್ಗೆ ಬಾಗಿಲು ತೆರೆದೊಡನೆ, ಜನ ಸೇರುವ ಮೊದಲೇ, ಮೂಲೆಯ ಗೋಪುರದ ಮೆಟ್ಟಿಲು ಹತ್ತಿ ಹೋಗಿರಿ. ಒಬ್ಬನು ಗೋಡೆಗೆ ಮುಖ ಮಾಡಿ ಪಿಸುಗುಟ್ಟಲಿ. ಒಬ್ಬಳು ಎದುರಿಗೆ, ಇನ್ನೊಬ್ಬಳು ಕಾಲು ಸುತ್ತಿನಷ್ಟು ದೂರದಲ್ಲಿ ಗೋಡೆಗೆ ಕಿವಿ ಇಡಲಿ, ಮತ್ತೊಬ್ಬನು ಕಟಕಟೆಯ ಬಳಿ ಗೋಡೆಯಿಂದ ದೂರ ನಿಲ್ಲಲಿ. ಏರಿಯವರ ವಾದ ನಿಜವಾದರೆ ಕಾಲು ಸುತ್ತಿನಲ್ಲಿ ನಿಂತವಳಿಗೆ ಕೇಳಿಸಬಾರದು. ಹಿಂದೊಮ್ಮೆ ನಾನು ಅಲ್ಲಿ ಬೆಂಕಿಪೊಟ್ಟಣ ಕೊಂಡೊಯ್ದು, ಕಡ್ಡಿ ಗೀರದೆ ಪೊಟ್ಟಣವನ್ನು ಮೆಲ್ಲಗೆ ಅಲುಗಿಸಿ ನೋಡಿದ್ದೆ. ಕಾಲು ಸುತ್ತಿನಾಚೆ ನಿಂತಿದ್ದ ಗೆಳೆಯರಿಗೆ ಒಳಗಿನ ಕಡ್ಡಿಗಳ ಸದ್ದು ಹತ್ತಿರದಲ್ಲೇ ಆದಂತೆ ಕೇಳಿಸಿತ್ತು.

ರ‍್ಯಾಲೆಯವರಿಗೆ 1904ರಲ್ಲಿ ನೊಬೆಲ್ ಬಂದದ್ದು ಇದಕ್ಕಲ್ಲ, ತಕ್ಕಡಿಯ ಕೆಲಸಕ್ಕೆ. ಗಾಳಿಯಿಂದ ತೆಗೆದ ಸಾರಜನಕವು ಅಮೋನಿಯಾದಿಂದ ಪಡೆದ ಸಾರಜನಕಕ್ಕಿಂತ ನೂರಕ್ಕೆ ಅರ್ಧದಷ್ಟು ಮಾತ್ರ ಹೆಚ್ಚು ತೂಗುತ್ತಿತ್ತು. ಬೇರೆ ಯಾರಾದರೂ ‘ಇರಲಿ ಬಿಡು’ ಎನ್ನಬಹುದಾಗಿದ್ದ ಆ ಅರ್ಧ ಪಾಲನ್ನು ಅವರು ಬಿಡಲಿಲ್ಲ. ಅದರ ಬೆನ್ನು ಹತ್ತಿ ವಿಲಿಯಂ ರ‍್ಯಾಮ್ಸೆಯವರೊಡನೆ ಆರ್ಗಾನ್ ಅನಿಲವನ್ನು ಕಂಡುಹಿಡಿದರು.

ನೀವು ಕೇಳಿದ ‘ದೊಡ್ಡ ವಿಜ್ಞಾನಿ’ಗಳಲ್ಲಿ ಎರಡನೆಯವರು ನಮ್ಮ ರಾಮನ್. 1921ರಲ್ಲಿ ಇಂಗ್ಲೆಂಡಿಗೆ ಹೋದಾಗ ಅವರು ಸೇಂಟ್ ಪಾಲ್ಸಿನ ಮೊಗಸಾಲೆಯಲ್ಲಿ ಸದರ್ಲೆಂಡ್ ಎಂಬವರೊಡನೆ ಪ್ರಯೋಗ ಮಾಡಿ, ರ‍್ಯಾಲೆಯವರ ಪಟ್ಟಿಯೊಳಗೆ ಶಬ್ದವು ಏಕರೂಪವಾಗಿರದೆ ಒಂದೆಡೆ ಜೋರು, ಒಂದೆಡೆ ಕ್ಷೀಣ ಹೀಗೆ ಏರಿಳಿಯುತ್ತದೆ ಎಂದು ತೋರಿಸಿದರು. ರ‍್ಯಾಲೆಯವರ ಮಾತನ್ನು ರಾಮನ್ ಪರೀಕ್ಷೆಗೆ ಒಡ್ಡಿದ್ದು ಆ ವರ್ಷ ಇದೊಂದೇ ಸಲವಲ್ಲ. ಮುಂದಿನ ಉತ್ತರದಲ್ಲಿ ಅದು ಬರುತ್ತದೆ.

ಪ್ರಶ್ನೆ: ನಾನು ಖಜಾನೆ ಇಲಾಖೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಸರ್ ಸಿ.ವಿ. ರಾಮನ್ನರೂ ಮೊದಲು ಲೆಕ್ಕಪತ್ರದ ಅಧಿಕಾರಿಯಾಗಿದ್ದರೆಂದು ಕೇಳಿ ಸಂತೋಷವಾಯಿತು. ಹಾಗಾದರೆ ಸಂಶೋಧನೆ ಯಾವಾಗ ಮಾಡಿದರು? ಕೇವಲ 200 ರೂಪಾಯಿಯಲ್ಲಿ ನೊಬೆಲ್ ಗೆದ್ದರು ಎಂಬ ಮಾತು ನಿಜವೆ?
– ನಿವೃತ್ತ ನೌಕರರು, ಗೋಕಾಕ

ಉತ್ತರ: ನಿಮ್ಮ ಸಂತೋಷಕ್ಕೆ ಆಧಾರವಿದೆ. ತಿರುಚಿರಾಪಳ್ಳಿಯಲ್ಲಿ 1888ರ ನವೆಂಬರ್ 7ರಂದು ಹುಟ್ಟಿದ ರಾಮನ್, ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, 1907ರಲ್ಲಿ ಹಣಕಾಸು ಇಲಾಖೆಯ ಪರೀಕ್ಷೆ ಪಾಸು ಮಾಡಿ ಕಲ್ಕತ್ತೆಗೆ ಸಹಾಯಕ ಅಕೌಂಟೆಂಟ್ ಜನರಲ್ ಆಗಿ ಬಂದರು. ವಯಸ್ಸು ಹತ್ತೊಂಬತ್ತು ತುಂಬಿರಲಿಲ್ಲ. ಒಂದು ದಿನ ಟ್ರಾಮಿನಲ್ಲಿ ಹೋಗುವಾಗ ಬೌಬಜಾರ್ ಬೀದಿಯಲ್ಲಿ ‘ವಿಜ್ಞಾನ ಸಂವರ್ಧನೆಯ ಭಾರತೀಯ ಸಂಘ’ ಎಂಬ ಅರ್ಥದ ಫಲಕ ಕಣ್ಣಿಗೆ ಬಿತ್ತು. ಮಹೇಂದ್ರಲಾಲ್ ಸರ್ಕಾರ್ ಎಂಬ ವೈದ್ಯರು 1876ರಲ್ಲಿ ಕಟ್ಟಿದ ಸಂಸ್ಥೆ ಅದು; ಉಪಕರಣಗಳಿದ್ದವು, ಬಳಸುವವರು ಇರಲಿಲ್ಲ. ಅಂದಿನಿಂದ ಕಚೇರಿಗೆ ಹೋಗುವ ಮುನ್ನ ಒಂದಷ್ಟು ಹೊತ್ತು, ಕಚೇರಿ ಬಿಟ್ಟ ಮೇಲೆ ರಾತ್ರಿಯವರೆಗೆ ರಾಮನ್ ಅಲ್ಲಿ ಇರತೊಡಗಿದರು. ಸಂಘದ ಸಹಾಯಕ ಆಶುತೋಷ್ ಡೇ, ಎಲ್ಲರ ಬಾಯಲ್ಲಿ ಆಶು ಬಾಬು, ಅವರ ಬಲಗೈಯಾದರು. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಯಿತು (ವರ್ಗಾವಣೆಯ ಸುಖದುಃಖ ನಿಮಗೆ ನಾನು ಹೇಳಬೇಕಾಗಿಲ್ಲ). ಹೀಗೆ ಹತ್ತು ವರ್ಷ ನಡೆಯಿತು. ವೀಣೆ, ತಂಬೂರಿ, ಮೃದಂಗ, ಪಿಟೀಲುಗಳ ನಾದದ ಮೇಲೆ ಅವರು ಬರೆದ ಸಂಶೋಧನ ಲೇಖನಗಳು ಬಹುಪಾಲು ಈ ‘ಬಿಡುವಿನ ವೇಳೆ’ಯವು. 1917ರಲ್ಲಿ ಕಲ್ಕತ್ತೆಯ ವಿಶ್ವವಿದ್ಯಾಲಯ ಪಾಲಿತ್ ಪ್ರಾಧ್ಯಾಪಕ ಹುದ್ದೆಗೆ ಕರೆದಾಗ, ಸಂಬಳ ಸುಮಾರು ಅರ್ಧಕ್ಕೆ ಇಳಿದರೂ ಸರ್ಕಾರಿ ಕೆಲಸ ಬಿಟ್ಟು ಹೋದರು.

ಇನ್ನು ಬೆಳಕಿನ ಕಥೆ. ಆಕಾಶ ನೀಲಿಯಾಗಿ ಕಾಣುವುದಕ್ಕೆ ಗಾಳಿಯ ಅಣುಗಳು ಬೆಳಕನ್ನು ಚದುರಿಸುವುದೇ ಕಾರಣ, ಕಿರಿದಾದ ತರಂಗಗಳು ಹೆಚ್ಚು ಚದುರುತ್ತವೆ ಎಂದು ವಿವರಿಸಿದವರು ಅದೇ ರ‍್ಯಾಲೆ. ಇದನ್ನು ಮನೆಯಲ್ಲೇ ನೋಡಬಹುದು: ಗಾಜಿನ ಲೋಟದ ತುಂಬ ನೀರಿಗೆ ಎರಡು ಮೂರು ಹನಿ ಹಾಲು ಹಾಕಿ, ಕತ್ತಲೆಯಲ್ಲಿ ಬದಿಯಿಂದ ಟಾರ್ಚ್ ಹಿಡಿಯಿರಿ. ಪಕ್ಕದಿಂದ ನೋಡಿದರೆ ನೀರಿಗೆ ತಿಳಿನೀಲಿಯ ಛಾಯೆ. ಎದುರಿನಿಂದ, ಹಾಲಿನ ನೀರನ್ನು ಹಾದು ಬಂದ ಟಾರ್ಚಿನ ಬೆಳಕು, ಸಂಜೆಯ ಸೂರ್ಯನಂತೆ ಕಿತ್ತಳೆ. ಆದರೆ ರ‍್ಯಾಲೆಯವರು ಸಮುದ್ರದ ನೀಲಿಯನ್ನು ಆಕಾಶದ ಪ್ರತಿಬಿಂಬವೆಂದು ತಳ್ಳಿಹಾಕಿದ್ದರು. 1921ರ ಸೆಪ್ಟೆಂಬರಿನಲ್ಲಿ ‘ನರ್ಕುಂಡಾ’ ಹಡಗಿನಲ್ಲಿ ಊರಿಗೆ ಮರಳುತ್ತಿದ್ದ ರಾಮನ್ ಬಳಿ ಜೇಬಿನಲ್ಲಿ ಒಂದು ನಿಕೋಲ್ ಪಟ್ಟಕವಿತ್ತು. ನೀರಿನ ಮೇಲ್ಮೈಯಿಂದ ಪ್ರತಿಫಲಿಸಿದ ಬೆಳಕು ಒಂದು ನಿರ್ದಿಷ್ಟ ಕೋನದಲ್ಲಿ ಧ್ರುವೀಕೃತವಾಗಿರುತ್ತದೆ, ಅಂದರೆ ಅದರ ಕಂಪನ ಒಂದೇ ದಿಕ್ಕಿನಲ್ಲಿರುತ್ತದೆ. ಪಟ್ಟಕವನ್ನು ತಿರುಗಿಸಿ ಆ ಬೆಳಕನ್ನು ಅಳಿಸಿಹಾಕಬಹುದು. ಹಡಗಿನ ಕಟಕಟೆಯ ಬಳಿ ನಿಂತು ಅವರು ಪ್ರತಿಬಿಂಬವನ್ನು ಅಳಿಸಿದರು. ಸಮುದ್ರದ ನೀಲಿ ಅಳಿಯಲಿಲ್ಲ, ಇನ್ನಷ್ಟು ಗಾಢವಾಯಿತು. ಅಂದರೆ ಆ ಬಣ್ಣ ನೀರಿನ ಒಳಗಿನಿಂದಲೇ ಬರುತ್ತಿತ್ತು. ನೀರು ಕೆಂಪು ಬೆಳಕನ್ನು ಹೀರುವುದೂ ಸಮುದ್ರದ ಬಣ್ಣಕ್ಕೆ ದೊಡ್ಡ ಕಾರಣವೆಂದು ಇಂದು ಗೊತ್ತಿದೆ. ಆದರೆ ಪ್ರತಿಬಿಂಬದ ವಾದ ಮಾತ್ರ ಆ ಹಡಗಿನ ಮೇಲೆಯೇ ಮುಗಿಯಿತು.

ಅಲ್ಲಿಂದ ಏಳು ವರ್ಷ ರಾಮನ್ ಮತ್ತು ಅವರ ಶಿಷ್ಯರು ದ್ರವಗಳಲ್ಲಿ ಬೆಳಕು ಚದುರುವುದನ್ನೇ ನೋಡುತ್ತ ಕುಳಿತರು. 1923ರಲ್ಲಿ ಕೆ.ಆರ್. ರಾಮನಾಥನ್ ಚದುರಿದ ಬೆಳಕಿನಲ್ಲಿ ಬೇರೆ ಬಣ್ಣದ ಒಂದು ಕ್ಷೀಣ ಛಾಯೆ ಕಂಡರು. ದ್ರವದಲ್ಲಿ ಕೊಳೆಯಿರಬೇಕು, ಅದರ ಪ್ರತಿದೀಪ್ತಿ (ಬೆಳಕನ್ನು ಹೀರಿ ಬೇರೆ ಬಣ್ಣದಲ್ಲಿ ಮರಳಿ ಸೂಸುವುದು) ಇದು ಎಂದುಕೊಂಡು ದ್ರವವನ್ನು ಮತ್ತೆ ಮತ್ತೆ ಬಟ್ಟಿ ಇಳಿಸಿದರೂ ಛಾಯೆ ಹೋಗಲಿಲ್ಲ. ಗ್ಲಿಸರಿನ್ನಿನಲ್ಲಿ ವೆಂಕಟೇಶ್ವರನ್ ಅವರಿಗೆ ಸೂರ್ಯನ ಬೆಳಕು ನೀಲಿಯಾಗಿ ಚದುರುವ ಬದಲು ಹಸಿರಾಗಿ ಕಂಡಿತು, ಅದೂ ಧ್ರುವೀಕೃತವಾಗಿ. ಪ್ರತಿದೀಪ್ತಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಆಗ ರಾಮನ್ ಮತ್ತು ಕೆ.ಎಸ್. ಕೃಷ್ಣನ್ ಸರಳವಾದ ಒಂದು ಉಪಾಯ ಹೂಡಿದರು. 7 ಅಂಗುಲದ ದೂರದರ್ಶಕದಿಂದ ಬಿಸಿಲನ್ನು ಒಟ್ಟುಗೂಡಿಸಿ, ನೀಲಿನೇರಳೆ ಗಾಜಿನ ಮೂಲಕ ಹಾಯಿಸಿ ದ್ರವದೊಳಕ್ಕೆ ಬಿಟ್ಟರು. ನೋಡುವ ಕಣ್ಣಿನ ಮುಂದೆ ಹಳದಿಹಸಿರು ಗಾಜು ಹಿಡಿದರು. ಮೊದಲ ಗಾಜು ಬಿಟ್ಟದ್ದನ್ನು ಎರಡನೆಯದು ಪೂರ್ತಿ ತಡೆಯಬೇಕು. ಒಳಗೆ ಹೊಸ ಬಣ್ಣ ಹುಟ್ಟದಿದ್ದರೆ ಕಾಣುವುದು ಕತ್ತಲೆ. ಅವರಿಗೆ ಬೆಳಕಿನ ಗೆರೆ ಕಂಡಿತು. ಸುಮಾರು ಅರವತ್ತು ದ್ರವಗಳನ್ನು ಹೀಗೆ ನೋಡಿದರು, ಒಂದೂ ತಪ್ಪಲಿಲ್ಲ. 1928ರ ಫೆಬ್ರವರಿ 28ರಂದು ಪಾದರಸದ ದೀಪವನ್ನು ಬಳಸಿ ಬೆಳಕನ್ನು ಬಣ್ಣಬಣ್ಣದ ಗೆರೆಗಳಾಗಿ ಬಿಡಿಸಿ ತೋರಿಸುವ ರೋಹಿತದರ್ಶಕದಲ್ಲಿ ನೋಡಿದಾಗ, ಮೂಲ ಗೆರೆಗಳ ಪಕ್ಕದಲ್ಲಿ ಅಲ್ಲಿ ಇಲ್ಲದಿದ್ದ ಹೊಸ ಗೆರೆಗಳು ಸ್ಪಷ್ಟವಾದವು. ಮಾರ್ಚ್ 16ರಂದು ರಾಮನ್ ಇದನ್ನು ಬೆಂಗಳೂರಿನ ಉಪನ್ಯಾಸದಲ್ಲಿ ವಿವರಿಸಿದರು.

ಏನಾಗುತ್ತದೆಂದರೆ, ಬೆಳಕಿನ ಕಣಗಳು ಸಂತೆಯನ್ನು ಹಾದುಹೋಗುವ ಜನರಂತೆ. ಬಹುಪಾಲು ಜನ ಜೇಬಿನಲ್ಲಿದ್ದಷ್ಟೇ ಹಣದೊಡನೆ ಆಚೆ ಬರುತ್ತಾರೆ. ಕೋಟಿಗೊಬ್ಬ ಮಾತ್ರ ಒಂದಷ್ಟು ಚಿಲ್ಲರೆಯನ್ನು ಅಲ್ಲೇ ಬಿಟ್ಟು ಬರುತ್ತಾನೆ, ಅಪರೂಪಕ್ಕೆ ಒಬ್ಬ ಗಳಿಸಿಕೊಂಡೂ ಬರುತ್ತಾನೆ. ಬಿಟ್ಟ ಚಿಲ್ಲರೆ ಅಣುವಿನ ಕಂಪನಕ್ಕೆ ಸಲ್ಲುತ್ತದೆ. ಎಷ್ಟು ಚಿಲ್ಲರೆ ಎಂಬುದು ಅಣುವಿನಿಂದ ಅಣುವಿಗೆ ಬೇರೆ, ಆದ್ದರಿಂದ ಹೊಸ ಗೆರೆಗಳು ಆ ಅಣುವಿನ ಹೆಬ್ಬೆರಳ ಗುರುತು ಇದ್ದಂತೆ. ಇದೇ ‘ರಾಮನ್ ಪರಿಣಾಮ’.

200 ರೂಪಾಯಿಯ ಮಾತು ವ್ಯಾಪಕವಾಗಿ ಹೇಳುವಂಥದು, ಉಪಕರಣಗಳು ಅಗ್ಗವಾಗಿದ್ದುದೂ ನಿಜ. ಆದರೆ ಲೆಕ್ಕ ಬಲ್ಲ ನೀವೇ ಹೇಳಿ, ಈ ಲೆಕ್ಕ ಒಪ್ಪುವಂಥದೆ? ಐವತ್ತು ವರ್ಷ ಹಳೆಯದಾದ ಸಂಸ್ಥೆ, ಅದರ ಕಟ್ಟಡ, ಗ್ರಂಥಾಲಯ, ದೂರದರ್ಶಕ, ಏಳು ವರ್ಷದ ಹಲವು ಜನರ ದುಡಿಮೆ, ಕತ್ತಲೆಗೆ ಪಳಗಿದ ಕಣ್ಣು, ಇವು ಯಾವ ಖಾತೆಗೂ ಬಂದಿಲ್ಲ. ಬಡ ಪ್ರಯೋಗಶಾಲೆಗೆ ಹಣ ಕೊಡದಿರಲು ಈ 200 ರೂಪಾಯಿಯ ಕಥೆಯನ್ನು ನೆಪವಾಗಿ ಬಳಸುವುದನ್ನು ಕೇಳಿದಾಗ ನನಗೆ ಬೇಸರವಾಗುತ್ತದೆ.

ಪ್ರಶ್ನೆ: ಪ್ರಯೋಗವನ್ನು ಕೃಷ್ಣನ್ ಅವರೂ ಮಾಡಿದ್ದರೆ 1930ರ ನೊಬೆಲ್ ರಾಮನ್ ಒಬ್ಬರಿಗೇ ಏಕೆ ಬಂತು? ರಷ್ಯದವರೂ ಇದನ್ನೇ ಕಂಡುಹಿಡಿದಿದ್ದರಂತೆ.
– ಬಿ.ಎಸ್ಸಿ. ವಿದ್ಯಾರ್ಥಿನಿ, ಜಮಖಂಡಿ

ಉತ್ತರ: ಎರಡೂ ಮಾತು ಸರಿ. ಮಾಸ್ಕೋದಲ್ಲಿ ಲ್ಯಾಂಡ್ಸ್‌ಬರ್ಗ್ ಮತ್ತು ಮ್ಯಾಂಡೆಲ್‌ಸ್ಟಾಮ್ ಅವರು ಸ್ಫಟಿಕಶಿಲೆಯಲ್ಲಿ ಇದೇ ಪರಿಣಾಮವನ್ನು ರಾಮನ್‌ಗಿಂತ ಒಂದು ವಾರ ಮೊದಲೇ, 1928ರ ಫೆಬ್ರವರಿ 21ರಂದು ಕಂಡಿದ್ದರು. ಆದರೆ ಅವರು ಪ್ರಕಟಿಸುವ ಹೊತ್ತಿಗೆ ಕಲ್ಕತ್ತೆಯ ಟಿಪ್ಪಣಿ ಲಂಡನ್ನಿನ ‘ನೇಚರ್’ ಪತ್ರಿಕೆಯ ಮಾರ್ಚ್ 31ರ ಸಂಚಿಕೆಯಲ್ಲಿ ಅಚ್ಚಾಗಿ ಲೋಕದ ಕೈ ಸೇರಿತ್ತು. ರಾಮನ್‌ಗೆ ಅವಸರವಿತ್ತು, ಅದು ಕೆಟ್ಟ ಅವಸರವಾಗಿರಲಿಲ್ಲ. ರುದರ್‌ಫೋರ್ಡ್, ಬೋರ್, ಡಿ ಬ್ರಾಯ್ ಅವರಂಥವರು ಸೂಚಿಸಿದ ಹೆಸರೂ ರಾಮನ್ ಅವರದೇ. ನೊಬೆಲ್ ಸಮಿತಿ ಸೂಚನೆಯಾಗಿ ಬಂದ ಹೆಸರುಗಳಿಂದಲೇ ಆರಿಸಬೇಕು.

ಕೃಷ್ಣನ್ ಅವರ ಹೆಸರು ಆ ಟಿಪ್ಪಣಿಯ ಕೆಳಗೆ ರಾಮನ್ ಹೆಸರಿನ ಜೊತೆಗೇ ಇದೆ. ಪ್ರಶ್ನೆ ಹೂಡಿದ್ದು, ಏಳು ವರ್ಷ ಅದನ್ನು ಬಿಡದೆ ಹಿಡಿದದ್ದು ರಾಮನ್. ಕೊನೆಯ ವಾರಗಳಲ್ಲಿ ಕಣ್ಣಿಟ್ಟು ನೋಡಿದವರಲ್ಲಿ ಕೃಷ್ಣನ್ ಮುಖ್ಯರು. ನನ್ನ ಅಭಿಪ್ರಾಯ ಕೇಳಿದರೆ, ಪ್ರಶಸ್ತಿ ಇಬ್ಬರಿಗೂ ಹಂಚಿಕೆಯಾಗಿದ್ದರೂ ಯಾರೂ ಅದನ್ನು ತಪ್ಪೆನ್ನುತ್ತಿರಲಿಲ್ಲ. ಕೃಷ್ಣನ್ ಇದರಿಂದ ಕುಗ್ಗಲಿಲ್ಲ. ಹರಳುಗಳ ಕಾಂತಗುಣಗಳ ಮೇಲೆ ಸ್ವತಂತ್ರವಾಗಿ ದೊಡ್ಡ ಕೆಲಸ ಮಾಡಿ, ದೆಹಲಿಯ ರಾಷ್ಟ್ರೀಯ ಭೌತಪ್ರಯೋಗಾಲಯದ ಮೊದಲ ನಿರ್ದೇಶಕರಾದರು.

ಪ್ರಶ್ನೆ: ರಾಮನ್ ಪರಿಣಾಮದಿಂದ ನಮ್ಮಂಥವರಿಗೆ ಏನು ಉಪಯೋಗ?
– ಸೀರೆ ನೇಯುವವರು, ಇಳಕಲ್ಲು

ಉತ್ತರ: 1960ರಲ್ಲಿ ಲೇಸರ್ ಬಂದ ಮೇಲೆ ಉಪಯೋಗ ಬೆಳೆಯಿತು. ಔಷಧಿ ಕಾರ್ಖಾನೆಯಲ್ಲಿ ಚೀಲ ಬಿಚ್ಚದೆಯೇ ಒಳಗಿನ ಪುಡಿ ಯಾವುದೆಂದು ತಿಳಿಯಲು, ವಜ್ರದ ಪರೀಕ್ಷೆಗೆ, ಹಳೆಯ ಚಿತ್ರದಲ್ಲಿ ಬಳಸಿದ ಬಣ್ಣ ಯಾವ ಕಾಲದ್ದೆಂದು ನಿರ್ಣಯಿಸಲು ಇದನ್ನು ಬಳಸುತ್ತಾರೆ. ಹಳೆಯ ಸೀರೆಯ ಒಂದು ಎಳೆಯ ನೀಲಿ ಯಾವ ರಾಸಾಯನಿಕದ್ದು ಎಂಬುದನ್ನು ಎಳೆ ಹಾಳಾಗದಂತೆ ಹೇಳಬಹುದು. ಆದರೆ ಎಲ್ಲ ಬಣ್ಣಗಳೂ ಮಣಿಯುವುದಿಲ್ಲ. ಕೆಲವು ಬಣ್ಣಗಳ ಪ್ರತಿದೀಪ್ತಿ ಎಷ್ಟು ಜೋರಾಗಿರುತ್ತದೆ ಎಂದರೆ ರಾಮನ್ ಗೆರೆಗಳು ಅದರಲ್ಲಿ ಮುಳುಗಿಹೋಗುತ್ತವೆ. ರಾಮನಾಥನ್ ಅವರನ್ನು 1923ರಲ್ಲಿ ಕಾಡಿದ ಸಂಶಯವೇ ಇಂದಿಗೂ ಪ್ರಯೋಗ ಮಾಡುವವರನ್ನು ಕಾಡುತ್ತದೆ.

ಪ್ರಶ್ನೆ: ಐನ್‌ಸ್ಟೈನರಿಗೆ ನೊಬೆಲ್ ಬಂದದ್ದು ಸೋಲಾರ್ ಫಲಕ ಕಂಡುಹಿಡಿದದ್ದಕ್ಕೆ ಎಂದು ನಮ್ಮ ಹೊಲಕ್ಕೆ ಸೋಲಾರ್ ಪಂಪು ಕೂಡಿಸಲು ಬಂದವನು ಹೇಳಿದ. ನಿಜವೆ?
– ಲಿಂಬೆ ಬೆಳೆಗಾರರು, ಇಂಡಿ

ಉತ್ತರ: ಪೂರ್ತಿ ನಿಜವಲ್ಲ, ಪೂರ್ತಿ ಸುಳ್ಳೂ ಅಲ್ಲ. 1921ರ ಪ್ರಶಸ್ತಿಯನ್ನು ಅವರಿಗೆ 1922ರಲ್ಲಿ ಕೊಟ್ಟರು, ಅದೂ ಸಾಪೇಕ್ಷತೆಗಲ್ಲ, ಮುಖ್ಯವಾಗಿ ದ್ಯುತಿವಿದ್ಯುತ್ ಪರಿಣಾಮದ ನಿಯಮಕ್ಕೆ. ಬೆಳಕು ಬಿಡಿ ಬಿಡಿ ಕಣಗಳಾಗಿ ಬಂದು ಲೋಹದಿಂದ ಎಲೆಕ್ಟ್ರಾನನ್ನು ಹೊರದೂಡುತ್ತದೆ ಎಂಬುದು ಅದರ ತಿರುಳು. ನಿಮ್ಮ ಹೊಲದ ಫಲಕದಲ್ಲಿ ಎಲೆಕ್ಟ್ರಾನ್ ಹೊರಗೆ ಹಾರುವುದಿಲ್ಲ, ಸಿಲಿಕಾನಿನ ಒಳಗೇ ಬಿಡುಗಡೆಯಾಗಿ ತಂತಿಯಲ್ಲಿ ಹರಿಯುತ್ತದೆ. ಬೆಳಕಿನಿಂದ ವಿದ್ಯುತ್ತು ಹುಟ್ಟುವ ಈ ಬಗೆಯನ್ನು 1839ರಷ್ಟು ಹಿಂದೆಯೇ ಎಡ್ಮಂಡ್ ಬೆಕೆರೆಲ್ ಕಂಡಿದ್ದರು. ಅವರ ಮಗ ಹೆನ್ರಿ ಬೆಕೆರೆಲ್ ವಿಕಿರಣಶೀಲತೆಗಾಗಿ 1903ರ ನೊಬೆಲ್‌ನಲ್ಲಿ ಪಾಲು ಪಡೆದರು. ಬಳಕೆಗೆ ಬರುವಂಥ ಸಿಲಿಕಾನ್ ಕೋಶ ತಯಾರಾದದ್ದು 1954ರಲ್ಲಿ, ಅಮೆರಿಕದಲ್ಲಿ.

ಪ್ರಶ್ನೆ: 1903ರ ಆ ಪ್ರಶಸ್ತಿಯಲ್ಲಿ ಮೊದಲು ಮೇರಿ ಕ್ಯೂರಿಯವರ ಹೆಸರೇ ಇರಲಿಲ್ಲ ಎಂದು ಓದಿದೆ. ಗಂಡನ ಕೆಲಸಕ್ಕೆ ಅವರು ಸಹಾಯ ಮಾಡಿದ್ದು ಮಾತ್ರವೆ?
– ಗೃಹಿಣಿ, ಮುಧೋಳ

ಉತ್ತರ: ಅದಕ್ಕೆ ವಿರುದ್ಧವಾಗಿ, ವಿಷಯವನ್ನು ಆರಿಸಿದವರೇ ಮೇರಿ. ಯುರೇನಿಯಂ ಅದಿರು ಅದರಲ್ಲಿರುವ ಯುರೇನಿಯಮ್ಮಿಗಿಂತಲೂ ಹೆಚ್ಚು ವಿಕಿರಣ ಸೂಸುವುದನ್ನು ಅಳೆದು, ಒಳಗೆ ಇನ್ನೇನೋ ಇದೆ ಎಂದು ಹಟ ಹಿಡಿದವರೂ ಅವರೇ. ತಮ್ಮ ಸಂಶೋಧನೆಯನ್ನು ಬದಿಗಿಟ್ಟು ಜೊತೆಗೂಡಿದವರು ಪಿಯರ್.

ನಿಮ್ಮ ಕಡೆ ಬೆಲ್ಲದ ಗಾಣ ನೋಡದವರಿಲ್ಲ. ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲನ್ನು ಹೊತ್ತು ನೋಡಿ ತಿರುವುವ ಕೆಲಸ ಎಷ್ಟು ಹೈರಾಣು ಮಾಡುತ್ತದೆ ಎಂಬುದು ಗೊತ್ತು. ಪ್ಯಾರಿಸಿನಲ್ಲಿ ಮಳೆ ಸೋರುವ ಛಾವಣಿಯ ಹಳೆಯ ಷೆಡ್ಡಿನಲ್ಲಿ ಮೇರಿ ಒಂದು ಸಲಕ್ಕೆ ಇಪ್ಪತ್ತು ಕಿಲೋವರೆಗೆ ಅದಿರಿನ ದ್ರಾವಣವನ್ನು ಕುದಿಸಿ, ಹೆಚ್ಚುಕಡಿಮೆ ತಮ್ಮಷ್ಟೇ ಎತ್ತರದ ಕಬ್ಬಿಣದ ಸಲಾಕೆಯಿಂದ ತಿರುವುತ್ತಿದ್ದರು. ಹಲವು ಟನ್ ಅದಿರಿನಿಂದ 1902ರಲ್ಲಿ ಸಿಕ್ಕಿದ್ದು ಒಂದು ಗ್ರಾಮಿನ ಹತ್ತನೆಯ ಒಂದು ಭಾಗದಷ್ಟು ರೇಡಿಯಂ ಕ್ಲೋರೈಡ್. ಕಬ್ಬಿನಿಂದ ಬೆಲ್ಲ ತೆಗೆಯುವವರು ಇಷ್ಟೇ ಇಳುವರಿ ಬಂದರೆ ಗಾಣವನ್ನೇ ಮಾರಿಬಿಡುತ್ತಾರೆ.

1903ರಲ್ಲಿ ಫ್ರಾನ್ಸಿನಿಂದ ಹೋದ ಸೂಚನೆಯಲ್ಲಿ ಬೆಕೆರೆಲ್ ಮತ್ತು ಪಿಯರ್ ಹೆಸರು ಮಾತ್ರ ಇತ್ತು. ಸ್ವೀಡನ್ನಿನ ಗಣಿತಜ್ಞ ಮಿಟ್ಟಾಗ್-ಲೆಫ್ಲರ್ ಈ ಸುದ್ದಿಯನ್ನು ಪಿಯರ್‌ಗೆ ಪತ್ರದಲ್ಲಿ ತಿಳಿಸಿದರು. ತಮ್ಮನ್ನು ಪರಿಗಣಿಸುವುದಾದರೆ ಮೇರಿಯವರೊಡನೆಯೇ ಪರಿಗಣಿಸಬೇಕೆಂದು ಪಿಯರ್ ಉತ್ತರ ಬರೆದರು, ಹೆಸರು ಸೇರಿತು. 1911ರಲ್ಲಿ ರಸಾಯನವಿಜ್ಞಾನದ ನೊಬೆಲ್ ಮೇರಿ ಒಬ್ಬರಿಗೇ ಬಂದಾಗ ಪಿಯರ್ ಇರಲಿಲ್ಲ. 1906ರಲ್ಲಿ ಕುದುರೆ ಗಾಡಿಯ ಕೆಳಗೆ ಸಿಕ್ಕಿ ತೀರಿಕೊಂಡಿದ್ದರು. ಭೌತವಿಜ್ಞಾನದಲ್ಲಿ ಎರಡನೆಯ ಮಹಿಳೆಗೆ, ಮರಿಯಾ ಗೋಪರ್ಟ್ ಮೇಯರ್ ಅವರಿಗೆ, ಪ್ರಶಸ್ತಿ ಬರಲು 1963ರವರೆಗೆ ಕಾಯಬೇಕಾಯಿತು. ಅರವತ್ತು ವರ್ಷ!

ಪ್ರಶ್ನೆ: ರಾಮನ್ ಹುಟ್ಟಿದ ದಿನವೇ ಹುಟ್ಟಿದ ಬೇರೆ ವಿಜ್ಞಾನಿ ಇದ್ದಾರೆಯೆ?
– ಎಂಟನೆಯ ತರಗತಿ, ಸಿಂದಗಿ

ಉತ್ತರ: ಇದ್ದಾರೆ. ಮೇಲೆ ಹೇಳಿದ ಮೇರಿ ಕ್ಯೂರಿ, 1867ರ ನವೆಂಬರ್ 7ರಂದು, ವಾರ್ಸಾದಲ್ಲಿ.

ಪ್ರಶ್ನೆ: ಸತ್ಯೇಂದ್ರನಾಥ ಬೋಸರಿಗೆ ನೊಬೆಲ್ ತಪ್ಪಿದ್ದು ಅನ್ಯಾಯವಲ್ಲವೆ?
– ಉಪನ್ಯಾಸಕರು, ಬೆಳಗಾವಿ

ಉತ್ತರ: ನನಗೆ ಹಾಗೆಯೇ ಅನ್ನಿಸುತ್ತದೆ. 1924ರಲ್ಲಿ ಢಾಕಾ ವಿಶ್ವವಿದ್ಯಾಲಯದಲ್ಲಿ ರೀಡರ್ ಆಗಿದ್ದ ಬೋಸ್, ಬೆಳಕಿನ ಕಣಗಳನ್ನು ಒಂದರಿಂದ ಇನ್ನೊಂದನ್ನು ಬೇರೆ ಮಾಡಿ ಎಣಿಸಲಾಗದು ಎಂಬ ಹೊಸ ಲೆಕ್ಕದಿಂದ ಬಿಸಿಯಾದ ವಸ್ತು ಸೂಸುವ ಬೆಳಕನ್ನು ಕುರಿತ ಪ್ಲ್ಯಾಂಕ್ ನಿಯಮವನ್ನು ಸಾಧಿಸಿದರು. ಇಂಗ್ಲೆಂಡಿನ ಪತ್ರಿಕೆ ಅದನ್ನು ಅಚ್ಚು ಹಾಕಲಿಲ್ಲ. ಪರಿಚಯವಿಲ್ಲದಿದ್ದರೂ ಐನ್‌ಸ್ಟೈನರಿಗೆ ಕಳಿಸಿದರು. ಅವರು ಸ್ವತಃ ಜರ್ಮನ್ ಭಾಷೆಗೆ ತಿರುಗಿಸಿ ಪ್ರಕಟಿಸಿ, ಅದೇ ಲೆಕ್ಕವನ್ನು ಅನಿಲಗಳಿ­ಗೆ ವಿಸ್ತರಿಸಿದರು. ಹೆಸರು ಹಲವು ಸಲ ಸೂಚನೆಯಾದರೂ ಪ್ರಶಸ್ತಿ ಬರಲಿಲ್ಲ. ಅತಿಶೀತದಲ್ಲಿ ಪರಮಾಣುಗಳೆಲ್ಲ ಒಂದೇ ಸ್ಥಿತಿಗೆ ಇಳಿಯುವ ‘ಬೋಸ್-ಐನ್‌ಸ್ಟೈನ್ ಸಾಂದ್ರಣ’ವನ್ನು ಪ್ರಯೋಗದಲ್ಲಿ ಸಾಧಿಸಿದ್ದು 1995ರಲ್ಲಿ, ಅದಕ್ಕೆ ಮೂವರಿಗೆ ನೊಬೆಲ್ ಬಂದದ್ದು 2001ರಲ್ಲಿ. ಬೋಸ್ 1974ರಲ್ಲೇ ತೀರಿಕೊಂಡಿದ್ದರು. ಜಗತ್ತಿನ ಮೂಲಕಣಗಳ ಎರಡು ಕುಲಗಳಲ್ಲಿ ಒಂದಕ್ಕೆ ‘ಬೋಸಾನ್’ ಎಂದು ಹೆಸರಿಟ್ಟವರು ಇಂಗ್ಲೆಂಡಿನ ಭೌತವಿಜ್ಞಾನಿ ಡಿರಾಕ್.

ಪ್ರಶ್ನೆ: ಭೌತವಿಜ್ಞಾನದ ನೊಬೆಲ್ ಪಡೆದ ಕನ್ನಡಿಗರು ಯಾರೂ ಇಲ್ಲವೆ? ಪ್ರಶಸ್ತಿ ಪಡೆದ ಸಂಶೋಧನೆಯಲ್ಲಾದರೂ ಕನ್ನಡಿಗರ ಕೈ ಇದೆಯೆ?
– ಪದವಿ ಕಾಲೇಜಿನ ಗ್ರಂಥಪಾಲಕರು, ಬೈಲಹೊಂಗಲ

ಉತ್ತರ: ಪಡೆದವರಿಲ್ಲ. ರಾಮನ್ 1933ರಲ್ಲಿ ಬೆಂಗಳೂರಿಗೆ ಬಂದು, ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ 1948ರಲ್ಲಿ ತಮ್ಮದೇ ಸಂಸ್ಥೆ ಕಟ್ಟಿ, 1970ರಲ್ಲಿ ಅಲ್ಲೇ ಮಣ್ಣಾದರು. ಬದುಕಿನ ಕೊನೆಯ ಮೂವತ್ತೇಳು ವರ್ಷ ನಮ್ಮವರಾಗಿದ್ದರು ಎನ್ನಲಡ್ಡಿಯಿಲ್ಲ. ಆದರೆ ಪ್ರಶಸ್ತಿ ಬಂದದ್ದು ಕಲ್ಕತ್ತೆಯ ಕೆಲಸಕ್ಕೆ.

ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಸಿ.ವಿ. ವಿಶ್ವೇಶ್ವರ. 1938ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಇವರು ಅಮೆರಿಕದಲ್ಲಿ ಸಂಶೋಧನೆ ಮಾಡುತ್ತಿದ್ದಾಗ, ಬೆಳಕನ್ನೂ ಹೊರಬಿಡದಷ್ಟು ಗುರುತ್ವವಿರುವ ಕಪ್ಪುರಂಧ್ರಕ್ಕೆ ಗುರುತ್ವದ ಅಲೆಯೊಂದು ಬಡಿದರೆ ಏನಾದೀತು ಎಂದು ಲೆಕ್ಕ ಹಾಕಿದರು. ಕಪ್ಪುರಂಧ್ರ ಎಂಬ ಹೆಸರೇ ಆಗಿನ್ನೂ ಹೊಸದು, ಅಂಥದೊಂದು ಇದೆಯೆಂದು ನಂಬದವರೇ ಹೆಚ್ಚು. ಬಡಿದ ಗಂಟೆ ತನ್ನದೇ ಶ್ರುತಿಯಲ್ಲಿ ಮಿಡಿದು ಬೇಗ ಸುಮ್ಮನಾಗುವಂತೆ, ಕಪ್ಪುರಂಧ್ರವೂ ತನ್ನ ತೂಕಕ್ಕೆ ತಕ್ಕ ಶ್ರುತಿಯಲ್ಲಿ ಮಿಡಿದು ಅಡಗುತ್ತದೆ ಎಂದು 1970ರಲ್ಲಿ ಪ್ರಕಟಿಸಿದರು. ಮುಂದೆ ಅವರು ರಾಮನ್ ಕಟ್ಟಿದ ಸಂಸ್ಥೆಯಲ್ಲೂ ಆಮೇಲೆ ಭಾರತೀಯ ಖಭೌತ ಸಂಸ್ಥೆಯಲ್ಲೂ ಕೆಲಸ ಮಾಡಿ, ಬೆಂಗಳೂರಿನ ಜವಾಹರಲಾಲ್ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾದರು. ಬೆಳಗಾವಿ ಸೀಮೆಯಿಂದ ಶಾಲಾ ಪ್ರವಾಸ ಹೋದ ಎಷ್ಟೋ ಮಕ್ಕಳು ಅಲ್ಲಿ ಕತ್ತು ಎತ್ತಿ ನಕ್ಷತ್ರ ನೋಡಿರಬಹುದು, ಅದನ್ನು ಕಟ್ಟಿ ನಿಲ್ಲಿಸಿದವರ ಹೆಸರು ಕೇಳಿರಲಾರರು.

2015ರ ಸೆಪ್ಟೆಂಬರ್ 14ರಂದು ಗುರುತ್ವದ ಅಲೆಗಳನ್ನು ಹಿಡಿಯಲೆಂದೇ ಕಟ್ಟಿದ ಅಮೆರಿಕದ ಲೈಗೋ ಉಪಕರಣಗಳು, ಸುಮಾರು 130 ಕೋಟಿ ಜ್ಯೋತಿರ್ವರ್ಷಗಳಾಚೆ ಎರಡು ಕಪ್ಪುರಂಧ್ರಗಳು ಕೂಡಿ ಒಂದಾದಾಗ ಎದ್ದ ಅಲೆಯನ್ನು ಹಿಡಿದವು. ಒಂದಾದ ಕ್ಷಣದ ನಂತರ ಸಂಕೇತ ಅಡಗಿದ ರೀತಿ, ವಿಶ್ವೇಶ್ವರ ನಲವತ್ತೈದು ವರ್ಷ ಮೊದಲು ಬರೆದ ಮಿಡಿತದ ರೀತಿಯೇ ಆಗಿತ್ತು. 2016ರ ಫೆಬ್ರವರಿಯಲ್ಲಿ ಸುದ್ದಿ ಹೊರಬಿದ್ದಾಗ ಅವರು ಇದ್ದರು. 2017ರ ಜನವರಿ 16ರಂದು ತೀರಿಕೊಂಡರು. ಅದೇ ವರ್ಷದ ಅಕ್ಟೋಬರಿನಲ್ಲಿ ಲೈಗೋ ಕಟ್ಟಿದ ವೈಸ್, ಬ್ಯಾರಿಶ್ ಮತ್ತು ಥಾರ್ನ್ ಅವರಿಗೆ ನೊಬೆಲ್ ಘೋಷಣೆಯಾಯಿತು. ಲೈಗೋದ ಮೂರನೆಯ ಕೇಂದ್ರ ಈಗ ನಮಗೆ ಬಹು ದೂರವಲ್ಲದ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಏಳಲಿದೆ.

ಲೈಗೋ ಆ ದಿನ ಕೇಳಿಸಿಕೊಂಡ ಸಂಕೇತ ಇದ್ದದ್ದು ಒಟ್ಟು ಸುಮಾರು 0.2 ಸೆಕೆಂಡ್. ಗೋಲಗುಮ್ಮಟದ ಮೊಗಸಾಲೆಯಲ್ಲಿ ತಟ್ಟಿದ ಚಪ್ಪಾಳೆ ಎದುರು ಗೋಡೆಗೆ ಹೋಗಿ ಒಮ್ಮೆ ತಿರುಗಿ ಬರುವಷ್ಟು ಹೊತ್ತು.